ಚಳಿಗೆ ಬಾಗಿಲು ಮುಚ್ಚುವ ಮುನ್ನ



ಸ್ವಾತಿ ಮಳೆ ಮುಗಿಯಿತು, ವಿಶಾಖ ಹೊಕ್ಕಿತು. ದೀಪಾವಳಿಯ ಹಣತೆಗಳನ್ನು ತೊಳೆದು ಅಟ್ಟಕ್ಕೆ ಹಾಕಿದ್ದಾಯಿತು. ಹೊಲದಲ್ಲಿ ರಾಗಿ ತೆನೆ ಬಲಿತಿದೆ, ಗದ್ದೆಯಲ್ಲಿ ಬತ್ತ ಹೊಂಬಣ್ಣಕ್ಕೆ ತಿರುಗಿದೆ. ಬೆಳಗಿನ ಜಾವ ಎಚ್ಚರವಾದವರಿಗೆ ಕಂಬಳಿ ಬಿಟ್ಟು ಏಳಲು ಮನಸ್ಸಾಗದು. ಇನ್ನು ಕುಯಿಲು, ಕಣ, ಒಕ್ಕಣೆ ಎಂದು ಸಂಕ್ರಾಂತಿಯ ತನಕ ಯಾರಿಗೂ ಪುರುಸೊತ್ತಿಲ್ಲ. ಆ ಕೆಲಸ ಮೈಮೇಲೆ ಬೀಳುವುದಕ್ಕೆ ಮುಂಚೆ ಒಂದು ದಿನವನ್ನು, ಒಂದೇ ಒಂದು ದಿನವನ್ನು, ನಿಮ್ಮ ಮನೆಗಾಗಿ ತೆಗೆದಿಡಿ ಎಂದು ಕೇಳಿಕೊಳ್ಳುವುದಕ್ಕೇ ಈ ಮಾತು.

"ಮಳೆಗಾಲಕ್ಕೆ ಮುಂಚೆ ಮನೆ ನೋಡಿಕೊಳ್ಳಬೇಕು, ಅದು ಸರಿ. ಚಳಿಗಾಲಕ್ಕೆ ಏನಿದೆ ಸ್ವಾಮಿ? ನಮ್ಮ ಕಡೆ ಹಿಮ ಬೀಳುತ್ತದೆಯೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ. ಬೀದರ, ವಿಜಯಪುರದ ಕಡೆ ಬೆಳಗಿನ ಹೊತ್ತು ೧೦ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಇಳಿಯುವುದುಂಟು. ಬೇರೆ ಹಲವು ಕಡೆ ಅಷ್ಟೂ ಇಲ್ಲ. ಆ ಚಳಿಗೆ ಗೋಡೆ ಒಡೆಯುವುದಿಲ್ಲ, ಸೂರು ಬೀಳುವುದಿಲ್ಲ.

ಆದರೆ ಚಳಿಗಾಲದಲ್ಲಿ ಎರಡು ಸಂಗತಿಗಳು ನಡೆಯುತ್ತವೆ. ಒಂದು, ಮಳೆಯಲ್ಲಿ ನೆನೆದದ್ದೆಲ್ಲ ಒಣಗುತ್ತದೆ. ಹುಲ್ಲು ಒಣಗುತ್ತದೆ, ಸೋಗೆ ಒಣಗುತ್ತದೆ, ಸೂರಿನ ಮರ ಒಣಗುತ್ತದೆ, ನೆಲವೂ ಒಣಗುತ್ತದೆ. ಎರಡು, ನಾವು ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿಕೊಂಡು, ದೂರ ಇರಬೇಕಾದ ಬೆಂಕಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಳ್ಳುತ್ತೇವೆ. ಒಣಗಿದ್ದು ಬೇಗ ಹತ್ತಿಕೊಳ್ಳುತ್ತದೆ. ಮುಚ್ಚಿದ ಕಡೆ ಉಸಿರು ಕಟ್ಟುತ್ತದೆ. ಚಳಿಗಾಲದ ಅಪಾಯವೆಲ್ಲ ಈ ಎರಡು ಮಾತಿನಲ್ಲಿದೆ. ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಮನೆಯನ್ನು ಒಂದು ಸುತ್ತು ಬರೋಣ, ಬನ್ನಿ.

ಮೊದಲು ತಲೆಯ ಮೇಲೆ ನೋಡಿ

ಮುಂಗಾರು ಹೋಯಿತೆಂದು ಮಳೆಯೇ ಹೋಯಿತೆಂದು ತಿಳಿಯಬೇಡಿ. ಹಿಂಗಾರು ಡಿಸೆಂಬರದ ತನಕ ಇದ್ದೇ ಇದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮ ಬಯಲುಸೀಮೆಯಲ್ಲಿ ಮೂರು ದಿನ ಸೂರ್ಯ ಕಾಣುವುದಿಲ್ಲ. ೨೦೨೧ರ ನವೆಂಬರದಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ಸುರಿದ ಮಳೆಯನ್ನು ಅಲ್ಲಿಯವರು ಮರೆತಿರಲಾರರು. ಕುಯಿಲಿಗೆ ಬಂದಿದ್ದ ರಾಗಿ ಹೊಲದಲ್ಲೇ ಮೊಳೆಯಿತು. ಮುಂಗಾರಿನಲ್ಲಿ ತಡೆದು ನಿಂತಿದ್ದ ಎಷ್ಟೋ ಗೋಡೆಗಳು ಆಗ ಕುಸಿದವು.

ಆದಕಾರಣ ಸೂರಿನಿಂದ ಶುರು ಮಾಡಿ. ಹೆಂಚಿನ ಮನೆಯಾದರೆ ಹಗಲು ಹೊತ್ತು ಬಾಗಿಲು ಕಿಟಕಿ ಮುಚ್ಚಿ ಒಳಗೆ ನಿಂತು ಮೇಲಕ್ಕೆ ನೋಡಿ. ಎಲ್ಲೆಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೋ ಅಲ್ಲೆಲ್ಲ ಹೆಂಚು ಸರಿದಿದೆ ಅಥವಾ ಒಡೆದಿದೆ ಎಂದು ಅರ್ಥ. ಕೋತಿ ಓಡಾಡುವ ಊರಿನಲ್ಲಂತೂ ಇದನ್ನು ಬಿಡಬೇಡಿ. ಮಣ್ಣಿನ ಮಾಳಿಗೆಯ ಮನೆಯಾದರೆ ಮೇಲೆ ಬೆಳೆದ ಹುಲ್ಲನ್ನು ಬೇರುಸಮೇತ ಕಿತ್ತು, ತಗ್ಗಾದ ಕಡೆ ನಿಮ್ಮ ಊರಿನಲ್ಲಿ ಮಾಳಿಗೆಗೆ ಹಾಕುವ ಮಣ್ಣನ್ನೇ ಹಾಕಿ ಬಡಿಯಿರಿ. ನೀರು ಬೀಳುವ ದೋಣಿಯ ಬಾಯಿ ಕಟ್ಟಿಕೊಂಡಿದ್ದರೆ ಬಿಡಿಸಿ. ಸಿಮೆಂಟ್ ಶೀಟಿನ ಸೂರಿನ ಮೇಲೆ ನೇರವಾಗಿ ಕಾಲಿಡಲೇಬೇಡಿ. ಅಡಿಯ ಮರಕ್ಕೆ ಭಾರ ಬೀಳುವಂತೆ ಹಲಗೆ ಹಾಕಿಕೊಂಡು ಅದರ ಮೇಲೆ ಹೋಗಿ. ಹಳೆಯ ಶೀಟು ಕಣ್ಣಿಗೆ ಗಟ್ಟಿ, ಕಾಲಿಗೆ ಹಪ್ಪಳ.

ತೊಲೆ ಮತ್ತು ಜಂತೆಗಳನ್ನು ಒಂದು ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಮರ ಗಟ್ಟಿಯಾಗಿ ಉತ್ತರ ಕೊಡುತ್ತದೆ. ಗೆದ್ದಲು ತಿಂದ ಮರ ಬೊಂಬಿನ ಹಾಗೆ ಟೊಳ್ಳು ಸದ್ದು ಮಾಡುತ್ತದೆ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗವನ್ನು ಮುಖ್ಯವಾಗಿ ನೋಡಿ. ತೇವ ನಿಲ್ಲುವುದು ಅಲ್ಲಿ, ಗೆದ್ದಲು ಸೇರುವುದು ಅಲ್ಲಿ, ಮರ ಮುರಿಯುವುದೂ ಅಲ್ಲಿಯೇ.

ಗೋಡೆಯ ಬುಡ, ಗೋಡೆಯ ಬಿರುಕು

ಮಣ್ಣಿನ ಗೋಡೆ ಕೆಡುವುದು ಬುಡದಿಂದ. ಸೂರಿನ ನೀರು ನೆಲಕ್ಕೆ ಬಿದ್ದು ಎಗರಿ ಗೋಡೆಯ ಕೆಳಭಾಗವನ್ನು ತಿಂದಿರುತ್ತದೆ. ಅಲ್ಲಿ ಒಂದು ಗೇಣು ಕೊರೆದಿದ್ದರೂ ಮೇಲಿನ ಭಾರವೆಲ್ಲ ಉಳಿದ ಅರ್ಧ ಗೋಡೆಯ ಮೇಲೆ ನಿಂತಿದೆ ಎಂದು ತಿಳಿಯಿರಿ. ಜೇಡಿಮಣ್ಣಿಗೆ ಮರಳು ಮತ್ತು ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ, ನಾಲ್ಕೈದು ದಿನ ನೆನೆಹಾಕಿ, ಚೆನ್ನಾಗಿ ತುಳಿದು ಮೆತ್ತಿರಿ. ಒಂದೇ ಸಲ ದಪ್ಪಗೆ ಮೆತ್ತದೆ ಒಂದು ಪದರ ಒಣಗಿದ ಮೇಲೆ ಇನ್ನೊಂದು ಪದರ ಹಾಕಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸುವ ಆಸೆ ಬೇಡ. ಮಣ್ಣು ತನ್ನ ತೇವವನ್ನು ಹೊರಕ್ಕೆ ಬಿಡುತ್ತದೆ, ಸಿಮೆಂಟು ಅದನ್ನು ತಡೆಯುತ್ತದೆ. ಕೊನೆಗೆ ಒಳಗೆ ಮಣ್ಣು ಕೊಳೆತು, ಹೊರಗಿನ ಚಿಪ್ಪು ಮಾತ್ರ ನಿಂತಿರುತ್ತದೆ.

ಬಿರುಕು ಕಂಡರೆ ಅದು ಹಳೆಯದೋ, ಈಗಲೂ ಬೆಳೆಯುತ್ತಿದೆಯೋ ತಿಳಿಯಬೇಕು. ಅದಕ್ಕೆ ಇಂಜಿನಿಯರೇ ಬರಬೇಕಾಗಿಲ್ಲ. ಬಿರುಕಿಗೆ ಅಡ್ಡಲಾಗಿ ಎರಡು ಬೆರಳಗಲ ಸುಣ್ಣದ ಗಾರೆ ಮೆತ್ತಿ, ಒಣಗಿದ ಮೇಲೆ ಪಕ್ಕದಲ್ಲಿ ತಾರೀಖು ಬರೆದಿಡಿ. ಕೆಲವು ವಾರಗಳಲ್ಲಿ ಆ ಪಟ್ಟಿ ಮತ್ತೆ ಸೀಳಿದರೆ ಗೋಡೆ ಅಲುಗಾಡುತ್ತಿದೆ ಎಂದು ಗೊತ್ತು. ಹಾಗೆಯೇ ಒಂದು ದಾರಕ್ಕೆ ಕಲ್ಲು ಕಟ್ಟಿ ಗೋಡೆಯ ಮೇಲಿನಿಂದ ಇಳಿಬಿಡಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ ದಾರವೇ ಹೇಳುತ್ತದೆ. ಅಂಥ ಗೋಡೆಯ ಪಕ್ಕದಲ್ಲಿ ಮಕ್ಕಳ ಹಾಸಿಗೆ ಹಾಸಬೇಡಿ, ದನ ಕಟ್ಟಬೇಡಿ. ರಿಪೇರಿಗೆ ಇವತ್ತು ದುಡ್ಡು ಇಲ್ಲದಿರಬಹುದು. ಮಂಚ ಸರಿಸುವುದಕ್ಕೆ ದುಡ್ಡು ಬೇಕಿಲ್ಲವಲ್ಲ.

ಹೊಗೆಯಿಲ್ಲದ ಕೆಂಡ

ಈಗ ಒಳಗೆ ಬರೋಣ. ಈ ದಿನದ ಮಾತಿನಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಚಳಿ ಹೆಚ್ಚಾದಾಗ ಅಗ್ಗಿಷ್ಟಿಕೆಯಲ್ಲೋ, ಹಳೆಯ ಬಾಣಲೆಯಲ್ಲೋ ಇದ್ದಿಲ ಕೆಂಡ ತುಂಬಿ ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳುವ ರೂಢಿ ನಮ್ಮಲ್ಲಿದೆ. ಹಿರಿಯರಿಗೆ ಇಡುತ್ತೇವೆ, ಬಾಣಂತಿ ಕೋಣೆಯಲ್ಲಂತೂ ಮಂಚದ ಕೆಳಗೇ ಇಡುತ್ತೇವೆ. ಸೌದೆ ಉರಿದರೆ ಹೊಗೆ ಬರುತ್ತದೆ, ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ಆಗ ಬಾಗಿಲು ತೆರೆಯುತ್ತೇವೆ. ಕೆಂಡದಲ್ಲಿ ಹೊಗೆಯಿಲ್ಲ. ಹೊಗೆಯಿಲ್ಲವೆಂದೇ ಅದು ಒಳ್ಳೆಯದೆಂದು ನಂಬುತ್ತೇವೆ. ನಂಬಿಕೆ ತಪ್ಪುವುದು ಇಲ್ಲಿಯೇ.

ಇದ್ದಿಲು ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತು ಮೈಗೆಲ್ಲ ಹಂಚುವ ಕೆಂಪು ಕಣಗಳಿವೆಯಷ್ಟೆ. ಈ ಅನಿಲ ಪ್ರಾಣವಾಯುವಿಗಿಂತ ೨೦೦ ಪಟ್ಟಿಗೂ ಹೆಚ್ಚು ಬಲವಾಗಿ ಆ ಕಣಗಳನ್ನು ಹಿಡಿದುಕೊಳ್ಳುತ್ತದೆ. ಬಸ್ಸಿನಲ್ಲಿ ಕೂರಬೇಕಾದವರ ಜಾಗದಲ್ಲಿ ಬೇರೆಯವರು ಕೂತು ಇಳಿಯದೆ ಹೋದ ಹಾಗೆ. ರಕ್ತ ಓಡುತ್ತಿರುತ್ತದೆ, ಆದರೆ ಉಸಿರನ್ನು ಹೊತ್ತು ತರುವುದಿಲ್ಲ. ಎಚ್ಚರವಾಗಿರುವವರಿಗೆ ತಲೆನೋವು, ತಲೆ ಸುತ್ತು, ವಾಕರಿಕೆ ಕಾಣಿಸುತ್ತದೆ. ನಿದ್ರೆಯಲ್ಲಿರುವವರಿಗೆ ಅದೂ ತಿಳಿಯುವುದಿಲ್ಲ. ಬೆಚ್ಚಗೆ ಮಲಗಿದವರು ಬೆಳಗ್ಗೆ ಏಳುವುದಿಲ್ಲ. ಪ್ರತಿ ಚಳಿಗಾಲವೂ ಇಂಥ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ನೀವೂ ಓದಿರುತ್ತೀರಿ.

ತಾಯಂದಿರೇ, ಬಾಣಂತಿಯನ್ನು ಬೆಚ್ಚಗಿಡಬೇಡಿ ಎಂದು ಯಾರೂ ಹೇಳುವುದಿಲ್ಲ. ಹಸುಗೂಸಿಗೆ ಬೆಚ್ಚನೆಯ ಆರೈಕೆ ಬೇಕೇ ಬೇಕು. ಕೋಣೆಯನ್ನು ಬೆಚ್ಚಗೆ ಮಾಡಬೇಕಾದರೆ ಬಾಗಿಲು ತೆರೆದಿಟ್ಟು, ತಾಯಿ ಮಗು ಇನ್ನೊಂದು ಕಡೆ ಇರುವಾಗ ಕೆಂಡ ಇಟ್ಟು, ಅವರು ಒಳಗೆ ಬರುವ ಮುಂಚೆ ಅದನ್ನು ಹೊರಕ್ಕೆ ಒಯ್ಯಿರಿ. ಕೆಂಡದ ಮೇಲೆ ಬೂದಿ ಮುಚ್ಚಿದರೆ ಸಾಕೆನ್ನಬೇಡಿ. ಬೂದಿಯ ಕೆಳಗೂ ಅದು ಬೇಯುತ್ತಲೇ ಇರುತ್ತದೆ. ಮಗುವನ್ನು ತಾಯಿಯ ಮೈಗೆ ಒತ್ತಿ, ಇಬ್ಬರಿಗೂ ಸೇರಿಸಿ ಹೊದಿಸಿದರೆ ಅದಕ್ಕಿಂತ ಒಳ್ಳೆಯ ಕಾವಿಲ್ಲ. ತಲೆಗೆ ಕುಲಾವಿ, ಕಾಲಿಗೆ ಚೀಲ, ಒಣಗಿದ ಬಟ್ಟೆ. ಇಷ್ಟಿದ್ದರೆ ಕೆಂಡದ ಕೆಲಸವೇನು? ಮನೆಯ ಅಜ್ಜಿ "ನಾವೆಲ್ಲ ಹೀಗೇ ಬೆಳೆದೆವು" ಎಂದರೆ ಜಗಳ ಬೇಡ. "ಅಜ್ಜಿ, ಆಗ ನಮ್ಮದು ಕಂಡಿಯಿದ್ದ ಹೆಂಚಿನ ಮನೆ, ಗಾಳಿ ಎಲ್ಲಿಂದಲೋ ಬರುತ್ತಿತ್ತು. ಈಗ ಮೇಲೆ ತಾರಸಿ, ಕಿಟಕಿಗೆ ಗಾಜು. ಗಾಳಿಗೆ ದಾರಿಯಿಲ್ಲ" ಎಂದು ಹೇಳಿ. ಅದು ನಿಜವೂ ಹೌದು.

ಈ ಮಾತು ಕೋಣೆಗೆ ಮಾತ್ರವಲ್ಲ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ರೇಷ್ಮೆ ಹುಳು ಸಾಕುವವರು ಚಳಿಯಲ್ಲಿ ಮರಿಹುಳುಗಳಿಗೆ ೨೬ರಿಂದ ೨೮ ಡಿಗ್ರಿ ಕಾವು ಕೊಡುವುದಕ್ಕೆ ಸಾಕಣೆ ಮನೆಯಲ್ಲಿ ಇದ್ದಿಲ ಒಲೆ ಇಡುವುದುಂಟು. ಕೋಳಿಮರಿ ಸಾಕುವವರೂ ಇಡುತ್ತಾರೆ. ರಾತ್ರಿ ಕಾಯುವುದಕ್ಕೆಂದು ಅಲ್ಲಿಯೇ ಮಲಗಬೇಡಿ. ಒಲೆಯ ಹೊಗೆ ಕೊಳವೆಯ ಮೂಲಕ ಹೊರಕ್ಕೆ ಹೋಗಲಿ, ಮೇಲಿನ ಗವಾಕ್ಷಿ ತೆರೆದಿರಲಿ. ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಹಾಕಿಸಿದ ಮನೆಗಳಲ್ಲೂ ಇದೇ ಅನಿಲ ಪ್ರಾಣ ತೆಗೆದಿದೆ. ಗೀಸರು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಲಿ. ಬಿಸಿನೀರು ಮಾತ್ರ ಒಳಗೆ ಬರಲಿ.

ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ತಲೆ ಸುತ್ತು ಬಂದು, ಅಂಗಳಕ್ಕೆ ಬಂದ ಮೇಲೆ ಕಡಿಮೆಯಾದರೆ ಅದು ಚಳಿಯ ತಲೆನೋವಲ್ಲ, ಈ ಅನಿಲದ ಗುರುತು. ಒಳಗೆ ಯಾರಾದರೂ ಎಚ್ಚರ ತಪ್ಪಿ ಬಿದ್ದಿದ್ದರೆ ಮೊದಲು ಬಾಗಿಲು ಕಿಟಕಿಗಳನ್ನೆಲ್ಲ ತೆರೆದು, ಉಸಿರು ಬಿಗಿಹಿಡಿದು ಹೋಗಿ, ಅವರನ್ನು ಬಯಲಿಗೆ ಎಳೆದು ತನ್ನಿ. ೧೦೮ಕ್ಕೆ ಫೋನ್ ಮಾಡಿ. ಎಚ್ಚರವಾಯಿತೆಂದು ಸುಮ್ಮನಾಗದೆ ಆಸ್ಪತ್ರೆಗೆ ಒಯ್ಯಿರಿ.

ಒಲೆ ಮತ್ತು ಸಿಲಿಂಡರು

೨೦೧೬ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಹಳ್ಳಿಯ ಎಷ್ಟೋ ಅಡಿಗೆಮನೆಗಳಲ್ಲಿ ಗ್ಯಾಸ್ ಬಂದಿದೆ. ಆದರೆ ಸೌದೆ ಒಲೆ ಪೂರ್ತಿ ಹೋಗಿಲ್ಲ. ಮುದ್ದೆಗೆ, ಸ್ನಾನದ ನೀರಿಗೆ ಸೌದೆ, ಕಾಫಿಗೆ ಗ್ಯಾಸು. ಎರಡೂ ಒಂದೇ ಕೋಣೆಯಲ್ಲಿದ್ದರೆ ಅಪಾಯ ಎರಡರಷ್ಟಲ್ಲ, ಹತ್ತರಷ್ಟು. ಅಡಿಗೆಯ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗದೆ ನೀರಿನ ಹಾಗೆ ನೆಲದ ಮೇಲೆ ಹರಡಿ, ಸೌದೆ ಒಲೆಯ ಬಾಯಿಗೇ ಹೋಗುತ್ತದೆ. ಆದ್ದರಿಂದ ಸೌದೆ ಒಲೆಯನ್ನು ಹಿತ್ತಿಲಿನ ಚಪ್ಪರಕ್ಕೆ ಸಾಗಿಸಿ, ಇಲ್ಲವೇ ಸಿಲಿಂಡರನ್ನು ಬೇರೆ ಕಡೆ ಇಡಿ.

ಸಿಲಿಂಡರು ಯಾವಾಗಲೂ ನೆಟ್ಟಗೆ ನಿಂತಿರಲಿ, ಒಲೆ ಅದಕ್ಕಿಂತ ಎತ್ತರದ ಕಟ್ಟೆಯ ಮೇಲಿರಲಿ. ರಬ್ಬರ್ ಕೊಳವೆಯ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ. ೫ ವರ್ಷ ಆಗಿದ್ದರೆ, ಇಲಿ ಕಚ್ಚಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಸೋರುತ್ತಿದೆಯೇ ಎಂದು ನೋಡಲು ಬೆಂಕಿ ಕಡ್ಡಿ ಗೀರುವವರಿದ್ದಾರೆ, ಅವರಿಗೆ ಕೈಮುಗಿಯಬೇಕು! ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ. ಗ್ಯಾಸಿನ ವಾಸನೆ ಬಂದರೆ ಬೆಂಕಿಯನ್ನೆಲ್ಲ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆಯಿರಿ. ಲೈಟು ಹಾಕಬೇಡಿ, ಹಾಕಿದ್ದನ್ನು ಆರಿಸಲೂ ಬೇಡಿ. ಸ್ವಿಚ್ಚಿನ ಒಂದು ಕಿಡಿ ಸಾಕು. ಹೊರಗೆ ಬಂದು ೧೯೦೬ಕ್ಕೆ ಫೋನ್ ಮಾಡಿ.

ಇನ್ನು ಕೊಳವೆಯುಳ್ಳ ಒಲೆಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಹಳ್ಳಿಗಳಿಗಾಗಿಯೇ ಶುರುವಾದ 'ಅಸ್ತ್ರ' ವಿಭಾಗದವರು ರೂಪಿಸಿದ ಅಸ್ತ್ರ ಒಲೆ ಹಲವು ಮನೆಗಳಲ್ಲಿದೆ. ಒಳ್ಳೆಯ ಒಲೆ, ಸೌದೆ ಉಳಿಸುತ್ತದೆ, ಹೊಗೆಯನ್ನು ಹೊರಕ್ಕೆ ಕಳಿಸುತ್ತದೆ. ಆದರೆ ಕೊಳವೆಯ ಒಳಗೆ ಮಸಿ ಕಟ್ಟಿಕೊಂಡರೆ ಹೊಗೆ ಮತ್ತೆ ಅಡಿಗೆಮನೆಗೇ ಬರುತ್ತದೆ. ಆ ಮಸಿಯೇ ಹತ್ತಿಕೊಂಡು ಕಿಡಿ ಸೂರಿಗೆ ಹಾರುವುದೂ ಉಂಟು. ಉದ್ದನೆಯ ಕೋಲಿಗೆ ತೆಂಗಿನ ನಾರು ಸುತ್ತಿ ಕೊಳವೆಯನ್ನು ಈಗಲೇ ಉಜ್ಜಿಬಿಡಿ. ಹಂಡೆ ಒಲೆಯ ಕೊಳವೆಗೂ ಇದೇ ಮಾತು. ಅಟ್ಟದ ಮೇಲಿನ ಸೌದೆ ಒಲೆಯ ನೆತ್ತಿಯ ಮೇಲೆ ಬೇಡ.

ಕರೆಂಟಿಗೂ ಬಾಯಾರಿಕೆ

ನಿಮ್ಮ ಮನೆಯ ಮುಂದೆ ಅರ್ತಿಂಗ್ ಗುಂಡಿ ಇದೆಯಲ್ಲ, ಅದನ್ನು ಕಡೆಯ ಸಲ ಯಾವಾಗ ನೋಡಿದಿರಿ? ತಂತಿ ಕಿತ್ತು, ಕರೆಂಟು ಪಂಪಿನ ಮೈಗೋ ಗ್ರೈಂಡರಿನ ಮೈಗೋ ಬಂದರೆ ಅದನ್ನು ನೆಲಕ್ಕೆ ಇಳಿಸುವುದು ಆ ಗುಂಡಿಯ ಕೆಲಸ. ಮಣ್ಣು ತೇವವಾಗಿದ್ದಷ್ಟೂ ಕರೆಂಟು ಸಲೀಸಾಗಿ ನೆಲಕ್ಕೆ ಇಳಿಯುತ್ತದೆ. ಗುಂಡಿಗೆ ಇದ್ದಿಲು ಮತ್ತು ಉಪ್ಪು ಹಾಕುವುದು ಆ ಕಾರಣಕ್ಕೇ. ಮಳೆ ನಿಂತು ನೆಲ ಒಣಗಿದ ಹಾಗೆಲ್ಲ ಗುಂಡಿಯ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಈಗಿನಿಂದ ಮುಂದಿನ ಮಳೆಯ ತನಕ ವಾರಕ್ಕೆ ಎರಡು ಸಲ ಒಂದೊಂದು ಕೊಡ ನೀರು ಹೊಯ್ಯಿರಿ. ಗುಂಡಿಗೆ ಹೋಗುವ ತಂತಿ ತುಕ್ಕು ಹಿಡಿದು ಕಡಿದಿದ್ದರೆ ತಿಳಿದವರಿಂದ ಸರಿ ಮಾಡಿಸಿ.

ಚಳಿಗಾಲದಲ್ಲಿ ನೀರು ಕಾಯಿಸುವ ರಾಡು ಎಲ್ಲ ಮನೆಗಳಲ್ಲೂ ಹೊರಕ್ಕೆ ಬರುತ್ತದೆ. ಅದನ್ನು ಕಬ್ಬಿಣದ ಬಕೀಟಿನಲ್ಲಿ ಇಳಿಬಿಡಬೇಡಿ. ನೀರು ಬಿಸಿಯಾಯಿತೇ ಎಂದು ನೋಡುವುದಕ್ಕೆ ಬೆರಳು ಅದ್ದುವ ಮುಂಚೆ ಸ್ವಿಚ್ಚು ಆರಿಸಿ, ಪಿನ್ನು ಕಿತ್ತು, ಆಮೇಲೆ ನೋಡಿ. ಮಕ್ಕಳು ಓಡಾಡುವ ಬಚ್ಚಲಿನಲ್ಲಿ ರಾಡು ಹಾಕಿ ಅಂಗಳದ ಕೆಲಸಕ್ಕೆ ಹೋಗಬೇಡಿ. ಮೊಬೈಲು ಚಾರ್ಜಿಗೆ ಹಾಕಿ ದಿಂಬಿನ ಕೆಳಗೆ, ಕಂಬಳಿಯೊಳಗೆ ಇಡಬೇಡಿ. ಕಾವು ಹೊರಗೆ ಹೋಗದೆ ಹೊತ್ತಿಕೊಂಡೀತು.

ಬಟ್ಟೆ ಒಣಗಿಸುವುದಕ್ಕೆ ಕಟ್ಟಿದ ಕಬ್ಬಿಣದ ತಂತಿಯನ್ನು ಇವತ್ತೇ ಬಿಚ್ಚಿ, ನೂಲಿನ ಅಥವಾ ನೈಲಾನ್ ಹಗ್ಗ ಕಟ್ಟಿ. ಕಂಬದಿಂದ ಮನೆಗೆ ಬರುವ ವಯರು ಸವೆದು ಆ ತಂತಿಗೆ ತಾಗಿದರೆ, ಒದ್ದೆ ಸೀರೆ ಹಾಕಲು ಹೋದವರು ಅಲ್ಲೇ ಬೀಳುತ್ತಾರೆ. ಬಿಡಿಸಲು ಹೋದವರೂ ಬೀಳುತ್ತಾರೆ. ಯಾರಿಗಾದರೂ ಕರೆಂಟು ಹೊಡೆದರೆ ಮುಟ್ಟದೆ, ಮೊದಲು ಮೈನ್ ಸ್ವಿಚ್ಚು ಆರಿಸಿ. ಆಗದಿದ್ದರೆ ಒಣಗಿದ ಮರದ ಕೋಲಿನಿಂದ ಬಿಡಿಸಿ. ದುಡ್ಡಿನ ಅನುಕೂಲವಿದ್ದವರು ಮೀಟರಿನ ಪಕ್ಕದಲ್ಲಿ ೩೦ ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ರಕ್ಷಣಾ ಸ್ವಿಚ್ಚು ಹಾಕಿಸಿ. ಕರೆಂಟು ದಾರಿ ತಪ್ಪಿ ಮನುಷ್ಯನ ಮೈಯಲ್ಲಿ ಹರಿಯತೊಡಗಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿಯುತ್ತದೆ. ತಿಂಗಳಿಗೊಮ್ಮೆ ಅದರ ಪರೀಕ್ಷೆಯ ಗುಂಡಿ ಒತ್ತಿ ನೋಡಿದರೆ ಸರಿ.

ಬಣವೆ, ಕೊಟ್ಟಿಗೆ, ಕಣಜ

ಇನ್ನು ಹಿತ್ತಿಲಿಗೆ ಹೋಗೋಣ. ಮೆದೆಯೆನ್ನಿ, ಬಣವೆಯೆನ್ನಿ, ಬಣಿವೆಯೆನ್ನಿ, ವರ್ಷದ ಮೇವೆಲ್ಲ ಒಂದೇ ಕಡೆ. ಅದು ಹೊತ್ತಿಕೊಂಡರೆ ದನಗಳನ್ನು ಸಂತೆಗೆ ಹೊಡೆಯುವುದೊಂದೇ ದಾರಿ. ಹಿತ್ತಿಲು ಚಿಕ್ಕದೆಂದು ಮನೆಯ ಗೋಡೆಗೆ ಒತ್ತಿ ಬಣವೆ ಹಾಕಬೇಡಿ. ಮನೆಯಿಂದ, ಒಲೆಯಿಂದ ೬೦ ಅಡಿಯಾದರೂ ದೂರವಿರಲಿ; ಇನ್ನೂ ದೂರವಾದರೆ ಇನ್ನೂ ಒಳ್ಳೆಯದು. ಎರಡು ಬಣವೆಗಳ ನಡುವೆಯೂ ಜಾಗ ಬಿಡಿ, ಒಂದು ಹೋದರೆ ಇನ್ನೊಂದಾದರೂ ಉಳಿದೀತು. ಕರೆಂಟಿನ ತಂತಿಯ ಕೆಳಗೆ ಖಂಡಿತ ಬೇಡ. ಗಾಳಿಗೆ ತಂತಿಗಳು ಒಂದಕ್ಕೊಂದು ತಾಗಿ ಉದುರುವ ಕಿಡಿಗೆ ಒಣಹುಲ್ಲು ಕಾದಿರುತ್ತದೆ. ತಂತಿ ಜೋತುಬಿದ್ದಿದ್ದರೆ ೧೯೧೨ಕ್ಕೆ ಫೋನ್ ಮಾಡಿ ದೂರು ಕೊಡಿ.

ಬೆಂಕಿ ಹೊರಗಿನಿಂದಲೇ ಬರಬೇಕೆಂದಿಲ್ಲ. ಹಸಿ ಹುಲ್ಲು ಅಥವಾ ಹಿಂಗಾರಿನಲ್ಲಿ ನೆನೆದ ಹುಲ್ಲನ್ನು ಒಟ್ಟಿದರೆ ಅದು ಒಳಗೇ ಕೊಳೆಯುತ್ತಾ ಕಾವೇರುತ್ತದೆ. ತಿಪ್ಪೆಯ ಹೊಟ್ಟೆ ಬಿಸಿಯಾಗುವುದನ್ನು ನೋಡಿದ್ದೀರಲ್ಲ, ಹಾಗೆಯೇ. ಕಾವು ಏರಿ ಏರಿ ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು. ಅನುಮಾನ ಬಂದರೆ ಉದ್ದನೆಯ ಕಬ್ಬಿಣದ ಸಲಾಕೆಯನ್ನು ಬಣವೆಯ ನಡುವಿಗೆ ಚುಚ್ಚಿ, ಅರ್ಧ ಗಂಟೆ ಬಿಟ್ಟು ಹೊರಕ್ಕೆ ಎಳೆಯಿರಿ. ತುದಿಯನ್ನು ಹಿಡಿಯಲಾಗದಷ್ಟು ಬಿಸಿಯಾಗಿದ್ದರೆ ಗಾಬರಿಯಿಂದ ಬಣವೆ ಕೆಡವಬೇಡಿ; ಗಾಳಿ ತಾಗಿದೊಡನೆ ಭಗ್ಗನೆ ಹತ್ತಿಕೊಂಡೀತು. ಮೊದಲು ನೀರು ಸಿದ್ಧ ಮಾಡಿಕೊಳ್ಳಿ, ೧೦೧ಕ್ಕೆ ಫೋನ್ ಮಾಡಿ, ಆಮೇಲೆ ಕೈಹಾಕಿ.

ಕೊಟ್ಟಿಗೆಯಲ್ಲಿ ಸೊಳ್ಳೆ ಓಡಿಸಲು ಸಂಜೆ ಹೊಗೆ ಹಾಕುತ್ತೀರಿ. ಹಾಕಿ, ಆದರೆ ಮಲಗುವ ಮುಂಚೆ ಆರಿಸಿ, ಬೂದಿಗೆ ನೀರು ಚಿಮುಕಿಸಿ. ಮನುಷ್ಯ ಬೆಂಕಿಯಿಂದ ಓಡಿಹೋದಾನು. ಕಟ್ಟಿದ ದನ ಎಲ್ಲಿಗೆ ಓಡೀತು? ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕುವುದನ್ನು ರೂಢಿ ಮಾಡಿಕೊಳ್ಳಿ. ಕೊಟ್ಟಿಗೆಯ ಬಾಗಿಲ ಹೊರಗೆ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ, ಒಂದು ಹರಿತವಾದ ಕುಡುಗೋಲನ್ನು ಯಾವಾಗಲೂ ಸಿಕ್ಕಿಸಿಡಿ. ರಾತ್ರಿ ಹೊತ್ತು ಹಗ್ಗ ಕೊಯ್ಯಬೇಕಾಗಿ ಬಂದರೆ ಆ ಕುಡುಗೋಲು ಒಂದು ಜೊತೆ ಎತ್ತಿನ ಬೆಲೆ ಬಾಳುತ್ತದೆ.

ಕಾಳು ಮನೆಗೆ ಬಂದ ಮೇಲೆ ಇನ್ನೊಂದು ಎಚ್ಚರಿಕೆ. ಹುಳು ಬೀಳದಿರಲೆಂದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮೂಟೆಗಳ ನಡುವೆ ಇಟ್ಟು, ಅದೇ ಮನೆಯಲ್ಲಿ ಮಲಗುವವರಿದ್ದಾರೆ. ಗಾಳಿಯ ತೇವ ತಾಗಿದರೆ ಆ ಗುಳಿಗೆಯಿಂದ ಫಾಸ್ಫೀನ್ ಎಂಬ ಘೋರ ವಿಷಾನಿಲ ಏಳುತ್ತದೆ. ಸಾಮಾನ್ಯ ಜನರಿಗೆ ಅದನ್ನು ಮಾರಕೂಡದೆಂಬ ನಿಯಮವೇ ಇದೆ. ಕಿಟಕಿ ಮುಚ್ಚಿದ ಚಳಿಗಾಲದ ಮನೆಯಲ್ಲಿ ಅದು ಹುಳುವನ್ನೂ ಮಗುವನ್ನೂ ಬೇರೆ ಬೇರೆ ಮಾಡಿ ನೋಡುವುದಿಲ್ಲ. ಬತ್ತವನ್ನು ತೇವಾಂಶ ನೂರಕ್ಕೆ ೧೨ಕ್ಕೆ ಇಳಿಯುವ ತನಕ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲೋ ಕಣಜದಲ್ಲೋ ತುಂಬಿ. ಒಣಗಿದ ಬೇವಿನ ಎಲೆ ಹಾಕಿ. ಕಚ್ಚಿದರೆ ಕಟಕ್ಕೆನ್ನುವಂತೆ ಒಣಗಿದ ಕಾಳಿಗೆ ಹುಳುವಿನ ಕಾಟ ಕಡಿಮೆ.

ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಕುಯಿಲಿನ ಕಾಲದಲ್ಲಿ ಕೊಳಕು ಮಂಡಲ ಗದ್ದೆಯಲ್ಲೂ ಹುಲ್ಲಿನಲ್ಲೂ ಇರುತ್ತದೆ. ಹುಲ್ಲು ಹಿರಿಯುವ ಮುಂಚೆ ಕೋಲಿನಿಂದ ಬಡಿಯಿರಿ, ರಾತ್ರಿ ಬ್ಯಾಟರಿ ಇಲ್ಲದೆ ಹಿತ್ತಿಲಿಗೆ ಹೋಗಬೇಡಿ. ಗೋಡೆ ಬುಡದ ಇಲಿಬಿಲಗಳನ್ನು ಕಲ್ಲುಮಣ್ಣು ತುಂಬಿ ಮುಚ್ಚಿ. ನೆಲದ ಮೇಲೆ ಮಲಗುವುದಕ್ಕಿಂತ ಮಂಚದ ಮೇಲೆ ಸೊಳ್ಳೆಪರದೆ ಸಿಕ್ಕಿಸಿ ಮಲಗುವುದು ಕ್ಷೇಮ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಮಂತ್ರಕ್ಕೆ ಹೊತ್ತು ಕಳೆಯಬೇಡಿ. ಕಚ್ಚಿದ ಕೈಕಾಲು ಅಲುಗದಂತೆ ದಬ್ಬೆ ಕಟ್ಟಿ, ವಿಷಕ್ಕೆ ಪ್ರತಿವಿಷದ ಮದ್ದಿರುವ ಸರ್ಕಾರಿ ಆಸ್ಪತ್ರೆಗೆ ನೇರವಾಗಿ ಒಯ್ಯಿರಿ. ಕರ್ನಾಟಕ ಸರ್ಕಾರ ೨೦೨೪ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಸಂಗತಿ ಎಷ್ಟು ಗಂಭೀರವೆಂಬುದು ಇದರಿಂದಲೇ ತಿಳಿಯುತ್ತದೆ.

ಸಂಜೆಯ ಹೊತ್ತಿಗೆ

ಇಷ್ಟೆಲ್ಲ ಒಂದು ದಿನದಲ್ಲಿ ಆದೀತೇ ಎನ್ನುತ್ತೀರಾ? ಹಂಚಿಕೊಂಡರೆ ಆಗುತ್ತದೆ. ಸೂರು, ತೊಲೆ, ಬಣವೆ ಗಂಡಸರು ನೋಡಲಿ. ಒಲೆ, ಗ್ಯಾಸು, ಕಾಳಿನ ಕೋಣೆ ಹೆಂಗಸರು ನೋಡಲಿ. ಮನೆಯ ಯಾವ ಮೂಲೆಯಲ್ಲಿ ಏನಿದೆಯೆಂದು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಶಾಲೆಗೆ ಹೋಗುವ ಮಕ್ಕಳಿಗೆ ಎರಡು ಕೆಲಸ ಕೊಡಿ: ವಾರಕ್ಕೆರಡು ಸಲ ಅರ್ತಿಂಗ್ ಗುಂಡಿಗೆ ನೀರು ಹಾಕುವುದು, ಬಾಗಿಲ ಪಕ್ಕದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ನಂಬರುಗಳನ್ನು ಬರೆಯುವುದು. ಬೆಂಕಿಗೆ ೧೦೧, ಆಂಬುಲೆನ್ಸಿಗೆ ೧೦೮, ಕರೆಂಟಿಗೆ ೧೯೧೨, ಗ್ಯಾಸಿಗೆ ೧೯೦೬. ಯಾವುದೂ ನೆನಪಾಗದಿದ್ದರೆ ೧೧೨.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ. ಅಂಗಳದಲ್ಲಿ ಒಂದು ಡ್ರಮ್ಮು ನೀರು, ಒಂದು ಬಕೀಟು ಮರಳು ಯಾವಾಗಲೂ ಇರಲಿ. ಯಾರಿಗಾದರೂ ಸುಟ್ಟರೆ ಸುಟ್ಟ ಜಾಗಕ್ಕೆ ೨೦ ನಿಮಿಷ ತಣ್ಣೀರು ಹರಿಸಿ. ಸಗಣಿ, ಅರಿಸಿನ, ಪೇಸ್ಟು, ಶಾಯಿ ಏನನ್ನೂ ಹಚ್ಚದೆ, ಶುಭ್ರವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಿರಿ.

ನಿಮ್ಮ ಮನೆ ನೋಡಿಯಾದ ಮೇಲೆ ಒಂದು ಹೆಜ್ಜೆ ಮುಂದೆ ಹೋಗಿ. ಪ್ರತಿ ಕೇರಿಯಲ್ಲೂ ಒಬ್ಬಂಟಿಯಾಗಿರುವ ಒಬ್ಬ ಅಜ್ಜಿಯೋ ತಾತನೋ ಇದ್ದೇ ಇರುತ್ತಾರೆ. ಅವರಿಗೆ ಏಣಿ ಹತ್ತಲಾಗದು, ಗ್ಯಾಸಿನ ಕೊಳವೆಯ ಮೇಲಿನ ವರ್ಷ ಓದಲಾಗದು. ಚಳಿ ಹೆಚ್ಚಾದರೆ ಅವರು ಮೊದಲು ಮಾಡುವ ಕೆಲಸ ಕೆಂಡ ತುಂಬಿದ ಬಾಣಲೆಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಳ್ಳುವುದು. ಅವರಿಗೆ ಒಂದು ಕಂಬಳಿ ಹೆಚ್ಚಾಗಿ ಕೊಟ್ಟು, ಬಾಣಲೆಯನ್ನು ಹೊರಗಿಟ್ಟು ಬನ್ನಿ.

ಒಣಗಿದ್ದರಿಂದ ಬೆಂಕಿಯನ್ನು ದೂರ ಇಡಿ. ಮುಚ್ಚಿದ ಮನೆಯಲ್ಲಿ ಗಾಳಿಗೆ ಒಂದು ಕಂಡಿ ಬಿಡಿ. ಕುಯಿಲು ಚೆನ್ನಾಗಿ ಆಗಲಿ, ಕಣ ತುಂಬಲಿ. ಎಳ್ಳುಬೆಲ್ಲ ಹಂಚುವ ದಿನ ಮನೆಯವರೆಲ್ಲ ಕ್ಷೇಮವಾಗಿ ಒಟ್ಟಿಗಿರಲಿ.